ಕಡಲಿಗೆ ರಜೆ ಸಾಲದು, ಜಾಗ ಬೇಕು

ಕರ್ನಾಟಕದ ಕರಾವಳಿಯಲ್ಲಿ ಬಹುತೇಕ ಎಲ್ಲರೂ ಒಪ್ಪಿರುವ ಮಾತೊಂದಿದೆ: ಮಳೆಗಾಲದ ಎರಡು ತಿಂಗಳು ಬೋಟುಗಳನ್ನು ದಕ್ಕೆಗೆ ಕಟ್ಟಿಹಾಕಿದರೆ ಸಾಕು, ಮೀನು ಮರಿ ಮಾಡುತ್ತದೆ, ಕಡಲು ತಾನಾಗಿ ತುಂಬಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಈ 61 ದಿನಗಳ ನಿಷೇಧವನ್ನು ಇಲಾಖೆ ಹೊರಡಿಸುತ್ತದೆ, ಬೋಟ್ ಮಾಲೀಕರು ಒಪ್ಪುತ್ತಾರೆ, ಪತ್ರಿಕೆಗಳು ವರ್ಷವರ್ಷವೂ ಬರೆಯುತ್ತವೆ. ಇದರ ಜೊತೆಗೆ ಇನ್ನೊಂದು ಮಾತೂ ಅಷ್ಟೇ ಗಟ್ಟಿಯಾಗಿ ಬೇರೂರಿದೆ: ಕಡಲಿನ ಒಂದು ಭಾಗವನ್ನು ಮೀಸಲೆಂದು ಘೋಷಿಸಿ ಅಲ್ಲಿ ವರ್ಷವಿಡೀ ಬಲೆ ಬೀಳದಂತೆ ಮಾಡಿದರೆ ಅದು ಮೀನುಗಾರನ ಹೊಟ್ಟೆಗೆ ಹೊಡೆತ. ಮೊದಲ ಮಾತು ಅರ್ಧ ಸತ್ಯ. ಎರಡನೆಯದು ನಮ್ಮ ಸರಕಾರಗಳ ನಡವಳಿಕೆಯೇ ಹುಟ್ಟಿಸಿದ ಭಯ. ಇವೆರಡನ್ನೂ ದಾಟದೆ ನಮ್ಮ ಕಡಲು ಉಳಿಯುವುದಿಲ್ಲ ಎಂಬುದು ನನ್ನ ವಾದ.

ನಿಷೇಧಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಮೊದಲು ಸಲ್ಲಿಸಬೇಕು. ಮುಂಗಾರಿನ ಗಾಳಿ ಹಿಡಿದಾಗ ಅರಬ್ಬಿ ಸಮುದ್ರದ ಆಳದ ತಣ್ಣೀರು ನಮ್ಮ ದಡದತ್ತ ಮೇಲೇರಿ ಬರುತ್ತದೆ. ಆ ನೀರು ಹೊತ್ತು ತರುವ ಪೋಷಕಾಂಶಗಳಿಂದ ಸೂಕ್ಷ್ಮ ಪಾಚಿ ಹೇರಳವಾಗಿ ಬೆಳೆಯುತ್ತದೆ, ಅದನ್ನು ನೆಚ್ಚಿಕೊಂಡು ಬೂತಾಯಿಯಂಥ ಮೀನುಗಳು ಮೊಟ್ಟೆಯಿಡುತ್ತವೆ. ಆ ಹೊತ್ತಿನಲ್ಲಿ ದೊಡ್ಡ ಬೋಟುಗಳನ್ನು ತಡೆಯುವುದು ಸರಿಯೇ. ತೂಫಾನಿನ ಕಡಲಿನಲ್ಲಿ ಆಗಬಹುದಾದ ಸಾವುಗಳೂ ಇದರಿಂದ ತಪ್ಪುತ್ತವೆ. ಕಾನೂನು ಹುಟ್ಟುವ ಮೊದಲೂ ಇಲ್ಲಿ ಮಳೆಗಾಲದ ಬಿಡುವಿತ್ತು. ನೂಲ ಹುಣ್ಣಿಮೆಯ ದಿನ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸಿ, ಹೊಸ ಋತುವಿನ ಮೀನುಗಾರಿಕೆಗೆ ಇಳಿಯುವುದು ಮೊಗವೀರರ ರೂಢಿ.

ಆದರೆ ಆ ಹಳೆಯ ಬಿಡುವು ಹಳೆಯ ಬಲೆಗೆ ಹೊಂದಿಕೊಂಡದ್ದಾಗಿತ್ತು. ರಂಪಣಿಯನ್ನು ನೆನಪಿಸಿಕೊಳ್ಳಿ. ದೋಣಿಯಲ್ಲಿ ಹೋಗಿ ಬಲೆ ಸುತ್ತಿ ಬಂದು, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ಬಲೆ ಅದು. ಬಂದ ಮೀನು ಊರಿಗೆಲ್ಲ ಪಾಲಾಗುತ್ತಿತ್ತು. ಆ ಬಲೆಗೆ ದಡದ ಅಂಚಿನ ನೀರು ಮಾತ್ರ ಎಟುಕುತ್ತಿತ್ತು. ಅದರಾಚೆಗಿನ ಆಳ, ಕಡಲಡಿಯ ಕಲ್ಲುಪಾರೆ, ನಡುಗಡ್ಡೆಗಳ ಸುತ್ತಲಿನ ನೀರು ಇವೆಲ್ಲ ವರ್ಷದ ಹನ್ನೆರಡು ತಿಂಗಳೂ ಮೀನಿನ ಪಾಲಿಗೆ ಉಳಿದಿದ್ದವು. ಯಾವ ಕಾಯ್ದೆಯೂ ಇಲ್ಲದೆ, ಯಾವ ಕಾವಲುಗಾರನೂ ಇಲ್ಲದೆ, ನಮ್ಮ ಕಡಲಿನ ಬಹುಪಾಲು ಆಗ ಮೀಸಲು ಕಡಲೇ ಆಗಿತ್ತು. ದಡದಲ್ಲಿ ಹಿಡಿದಷ್ಟನ್ನೂ ಆಚೆಯ ಕಡಲು ತುಂಬಿಕೊಡುತ್ತಿತ್ತು.

ಆ ಮೀಸಲನ್ನು ಯಂತ್ರ ತೆರೆದುಹಾಕಿತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ಕೆಲವೇ ವರ್ಷಗಳಲ್ಲಿ ರಂಪಣಿಯನ್ನು ಬದಿಗೊತ್ತಿತು. ದಡದ ಮೀನುಗಾರರಿಗೂ ಬೋಟಿನವರಿಗೂ ಘರ್ಷಣೆಗಳಾದವು. ಟ್ರಾಲ್ ಬೋಟು ಹಗಲು ಹೋಗಿ ಸಂಜೆ ಮರಳುವುದನ್ನು ಬಿಟ್ಟು, ಮಂಜುಗಡ್ಡೆ ತುಂಬಿಕೊಂಡು ವಾರಗಟ್ಟಲೆ ಆಳಸಮುದ್ರದಲ್ಲಿ ಉಳಿಯತೊಡಗಿತು. ಎಂಜಿನಿನ ಬಲ ನೂರಾರು ಅಶ್ವಶಕ್ತಿಗೆ ಏರಿತು. ಜಿಪಿಎಸ್ ಬಂತು, ಮೀನಿನ ಹಿಂಡು ಎಲ್ಲಿದೆಯೆಂದು ತೆರೆಯ ಮೇಲೆ ತೋರಿಸುವ ಫಿಶ್‌ಫೈಂಡರ್ ಬಂತು. ರಾತ್ರಿಯ ಕಡಲಿಗೆ ಎಲ್‌ಇಡಿ ದೀಪದ ಪ್ರಖರ ಬೆಳಕು ಚೆಲ್ಲಿ, ಅದಕ್ಕೆ ಮುತ್ತುವ ಮೀನನ್ನು ಮರಿಯೆನ್ನದೆ ತಾಯಿಯೆನ್ನದೆ ಬಾಚುವ ಪದ್ಧತಿ ಬಂತು. ಕೇಂದ್ರ ಸರಕಾರ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ 2017ರಲ್ಲೇ ನಿಷೇಧಿಸಿದೆ. ಅವು ಇನ್ನೂ ನಿಂತಿಲ್ಲವೆಂದು ನಾಡದೋಣಿಯವರು ಇಂದಿಗೂ ಬೀದಿಗಿಳಿಯಬೇಕಾಗಿದೆ.

ಹೀಗಿರುವಾಗ 61 ದಿನದ ರಜೆಯಿಂದ ಆಗುವುದೇನು? ಆಗಸ್ಟ್ ತಿಂಗಳಲ್ಲಿ ದಕ್ಕೆಗೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಎರಡು ತಿಂಗಳು ನೆಮ್ಮದಿಯಾಗಿ ಮೊಟ್ಟೆಯೊಡೆದು ಬೆಳೆದ ಮರಿಗಳು ಋತುವಿನ ಮೊದಲ ವಾರಗಳಲ್ಲೇ ಟ್ರಾಲ್ ಬಲೆಗೆ ಬೀಳುತ್ತವೆ. ಮದ್ಮಲ್ ಮೀನು ಬೆರಳುದ್ದವೂ ಆಗಿರುವುದಿಲ್ಲ, ಪಾಂಬೋಲ್ ರಿಬ್ಬನ್ನಿನಂತೆ ತೆಳ್ಳಗಿರುತ್ತದೆ. ಯಾರ ಅಡುಗೆಮನೆಗೂ ಹೋಗದ ಈ ಮೀನು ರಾಶಿಯಾಗಿ ಲಾರಿ ಏರಿ ಫಿಶ್‌ಮೀಲ್ ಕಾರ್ಖಾನೆ ಸೇರುತ್ತದೆ. ಅಲ್ಲಿ ಬೆಂದು, ಒಣಗಿ, ಪುಡಿಯಾಗಿ ಸಾಕಣೆ ಸಿಗಡಿಗೂ ಕೋಳಿಗೂ ಮೇವಾಗುತ್ತದೆ. ಮಂಗಳೂರಿನಿಂದ ಮಲ್ಪೆಯವರೆಗೆ ಈ ಕಾರ್ಖಾನೆಗಳು ಬೆಳೆದಿರುವುದರಿಂದ, ಹಿಂದೆ ಸಮುದ್ರಕ್ಕೇ ಎಸೆಯುತ್ತಿದ್ದ ಮರಿ ಮೀನಿಗೂ ಇಂದು ದರವಿದೆ, ದರವಿರುವುದರಿಂದ ಅದನ್ನು ಹಿಡಿಯದೆ ಬಿಡುವವರಿಲ್ಲ. ಜೂನಿನಲ್ಲಿ ಕಾಪಾಡಿದ್ದನ್ನು ಆಗಸ್ಟಿನಲ್ಲಿ ಕಳೆದುಕೊಳ್ಳುವ ಈ ವ್ಯವಸ್ಥೆಯನ್ನು ಸಂರಕ್ಷಣೆ ಎಂದು ಕರೆಯುವುದು ಹೇಗೆ?

ಇನ್ನೂ ಮೂಲಭೂತವಾದ ತೊಡಕೊಂದಿದೆ. ಕಡಲಿನ ಜೀವಗಳೆಲ್ಲ ಬೂತಾಯಿಯ ಹಾಗೆ ಒಂದೆರಡು ವರ್ಷದಲ್ಲಿ ಬೆಳೆದು ಮರಿ ಮಾಡುವಂಥವಲ್ಲ. ಕಲ್ಲುಪಾರೆಯ ಸಂದಿಯಲ್ಲಿ ಬಾಳುವ ಮುರು ಮೀನು ದೊಡ್ಡದಾಗಲು ಅನೇಕ ವರ್ಷ ಬೇಕು. ಈ ಜಾತಿಯ ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಹುಟ್ಟಿ, ಬೆಳೆದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ದೊಡ್ಡ ಮೀನುಗಳನ್ನೇ ಆರಿಸಿ ಹಿಡಿದರೆ ಆ ಜಾಗದಲ್ಲಿ ಗಂಡೇ ಉಳಿಯುವುದಿಲ್ಲ. ತಾಟೆ ಮತ್ತು ತೊರಕೆಗಳು ತಡವಾಗಿ ಬಲಿತು, ಹೆತ್ತರೂ ಕೆಲವೇ ಮರಿ ಹಾಕುತ್ತವೆ. ದೊಡ್ಡ ತಾಯಿ ಮೀನಿನ ಬೆಲೆ ಎಷ್ಟೆಂಬುದಕ್ಕೆ ಕೆಂಪು ಸ್ನ್ಯಾಪರ್ ಮೀನಿನ ಲೆಕ್ಕವೊಂದು ಮೀನುಗಾರಿಕಾ ವಿಜ್ಞಾನದಲ್ಲಿ ಪ್ರಸಿದ್ಧ: 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು, 42 ಸೆಂಟಿಮೀಟರ್ ಉದ್ದದ 212 ಹೆಣ್ಣುಗಳು ಇಡುವಷ್ಟು ಮೊಟ್ಟೆ ಇಡುತ್ತದೆ. ಅಂಥ ತಾಯಿ ಬದುಕಿ ಬೆಳೆಯಬೇಕಾದರೆ ಅದಕ್ಕೆ ವರ್ಷಾನುಗಟ್ಟಲೆ ಬಲೆಯಿಲ್ಲದ ಜಾಗ ಬೇಕು. ಟ್ರಾಲ್ ಬಲೆಯ ಬಾಯಿ ಅಗಲಿಸುವ ಭಾರದ ಹಲಗೆಗಳು ಉಜ್ಜಿಹಾಕಿದ ಕಡಲಡಿಯೂ ಅಷ್ಟೇ. ಹವಳ, ಸ್ಪಂಜು, ಚಿಪ್ಪುಜೀವಿಗಳು ಅಲ್ಲಿ ಮತ್ತೆ ನೆಲೆಯೂರುವುದು ಎರಡು ತಿಂಗಳಲ್ಲಿ ಆಗುವ ಮಾತಲ್ಲ.

ಬೇಸಾಯದ ಮನೆಯಲ್ಲಿ ಎಂಥ ಬರ ಬಂದರೂ ಬಿತ್ತನೆಯ ಭತ್ತಕ್ಕೆ ಕೈ ಹಾಕುವುದಿಲ್ಲ. ಊಟದ ಕಣಜ ಬೇರೆ, ಬೀಜದ ಕಣಜ ಬೇರೆ. ನಾವು ಕಡಲಿನಲ್ಲಿ ಮಾಡಿರುವುದು ಒಂದೇ ಕಣಜ, ಅದಕ್ಕೆ ಎರಡು ತಿಂಗಳ ಬೀಗ.

ಜಾಗವನ್ನು ಮುಚ್ಚಿದರೆ ಏನಾಗುತ್ತದೆ ಎಂಬುದು ಊಹೆಯಾಗಿ ಉಳಿದಿಲ್ಲ. ನ್ಯೂಜಿಲೆಂಡಿನ ಲೀ ಎಂಬಲ್ಲಿ 1975ರಲ್ಲಿ ಸುಮಾರು ಐದು ಚದರ ಕಿಲೋಮೀಟರ್ ಕಡಲನ್ನು ಪೂರ್ತಿ ಮೀಸಲು ಮಾಡಿದರು. ಆಗ ಅಲ್ಲಿನ ಬಂಡೆಗಳು ಬೋಳಾಗಿದ್ದವು. ಸ್ನ್ಯಾಪರ್ ಮೀನು ಮತ್ತು ದೊಡ್ಡ ಕಡಲಸಿಗಡಿಗಳನ್ನು ಹಿಡಿದು ಮುಗಿಸಿದ್ದರಿಂದ ಅವುಗಳ ಆಹಾರವಾದ ಸೀ ಅರ್ಚಿನ್‌ಗಳು ಮಿತಿಮೀರಿ ಬೆಳೆದು ಕಡಲಪಾಚಿಯನ್ನೆಲ್ಲ ಮೇಯ್ದಿದ್ದವು. ಮೀಸಲಾದ ಮೇಲೆ ಮೀನು ಮರಳಿತು, ಸೀ ಅರ್ಚಿನ್ ಕಡಿಮೆಯಾದವು, ದಶಕಗಳ ಅವಧಿಯಲ್ಲಿ ಕೆಲ್ಪ್ ಪಾಚಿಯ ಕಾಡು ಮತ್ತೆ ಎದ್ದಿತು. ಮೆಕ್ಸಿಕೋದ ಕಾಬೋ ಪುಲ್ಮೋ ಎಂಬ ಸಣ್ಣ ಮೀನುಗಾರರ ಊರಿನ ಕಡಲು 1995ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರ 71 ಚದರ ಕಿಲೋಮೀಟರ್. ಕಾನೂನು ಅದರ ಮೂರನೇ ಒಂದು ಪಾಲನ್ನಷ್ಟೇ ಪೂರ್ತಿ ಮುಚ್ಚಿತ್ತು, ಊರಿನವರು ತಾವಾಗಿಯೇ ಇಡೀ ಉದ್ಯಾನದಲ್ಲಿ ಮೀನು ಹಿಡಿಯುವುದನ್ನು ಬಿಟ್ಟರು. 1999ರಿಂದ 2009ರ ನಡುವೆ ಅಲ್ಲಿನ ಮೀನಿನ ಒಟ್ಟು ತೂಕ ಶೇ 463ರಷ್ಟು ಹೆಚ್ಚಿದ್ದನ್ನು ವಿಜ್ಞಾನಿಗಳು ಅಳೆದು ದಾಖಲಿಸಿದ್ದಾರೆ. ಫಿಲಿಪೀನ್ಸಿನ ಅಪೋ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ವಿಜ್ಞಾನಿ ಏಂಜೆಲ್ ಅಲ್ಕಾಲಾ ಮತ್ತು ಅವರ ಸಂಗಡಿಗರು ಮೀನುಗಾರರೊಂದಿಗೆ ಕೂತು ಮಾತಾಡಿ ಹವಳದಿಬ್ಬದ ಒಂದು ಸಣ್ಣ ಪಾಲನ್ನು ಮುಚ್ಚಿಸಿದರು. ಒಳಗೆ ಹೆಚ್ಚಿದ ಮೀನು ಕ್ರಮೇಣ ಹೊರಗಿನ ನೀರಿಗೂ ಹಬ್ಬಿ, ಅಂಚಿನಲ್ಲಿ ಗಾಳ ಹಾಕುವವರಿಗೆ ದಕ್ಕಿತು.

ಇವುಗಳಲ್ಲಿ ಕಾಬೋ ಪುಲ್ಮೋ ಮತ್ತು ಅಪೋ ದ್ವೀಪದ ಕತೆಗಳನ್ನು ಒಟ್ಟಿಗೆ ಓದಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕಡಲು ತುಂಬಿದ್ದು ದಡದ ಜನರ ಒಪ್ಪಿಗೆಯಿದ್ದಲ್ಲಿ, ಅವರೇ ಕಾವಲು ನಿಂತಲ್ಲಿ. ಜನರನ್ನು ಕೇಳದೆ ಗೆರೆ ಎಳೆದ ಕಡೆಗಳ ಅನುಭವ ಬೇರೆಯೇ. ನಮ್ಮ ನೆರೆಯ ಮಹಾರಾಷ್ಟ್ರದ ಮಾಲ್ವಣ್ ಕಡಲಧಾಮ 1987ರಲ್ಲಿ ಘೋಷಣೆಯಾಯಿತು, 29 ಚದರ ಕಿಲೋಮೀಟರ್. ಮೀನುಗಾರರು ಮೊದಲಿನಿಂದಲೂ ವಿರೋಧಿಸಿದರು, ಧಾಮ ಬಹುಕಾಲ ಕಾಗದದಲ್ಲೇ ಉಳಿಯಿತು. ತಮಿಳುನಾಡಿನ ಮನ್ನಾರ್ ಕೊಲ್ಲಿಯ 21 ದ್ವೀಪಗಳನ್ನು 1986ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಲಾಯಿತು. ಆ ದ್ವೀಪಗಳ ಸುತ್ತಲಿನ ಹವಳವನ್ನು ಸುಣ್ಣಕ್ಕೂ ಕಟ್ಟಡಕ್ಕೂ ಅಗೆದದ್ದರ ಫಲವಾಗಿ ಎರಡು ದ್ವೀಪಗಳು ನೀರಲ್ಲಿ ಮುಳುಗಿಯೇ ಹೋಗಿವೆ. ಆದರೆ ಉದ್ಯಾನದ ಕಾನೂನು ಬಿಗಿಯಾದಾಗ ಅದರ ಬಿಸಿ ತಗುಲಿದ್ದು ಕೈಯಲ್ಲಿ ಕಡಲಪಾಚಿ ಕಿತ್ತು ಬದುಕುತ್ತಿದ್ದ ಹೆಂಗಸರಿಗೆ. ತಲೆಮಾರುಗಳಿಂದ ಮುಳುಗುತ್ತಿದ್ದ ನೀರಿನಲ್ಲೇ ಅವರು ಕಳ್ಳರಾದರು. ಅದೇ ಹೆಂಗಸರು ಮುಂದೆ ಸಂಘ ಕಟ್ಟಿ, ತಿಂಗಳಲ್ಲಿ ಕೆಲವೇ ದಿನ ಪಾಚಿ ಕೀಳುವುದು, ಬುಡ ಕೆರೆಯದೆ ಕೈಯಲ್ಲೇ ಕೀಳುವುದು ಎಂದು ತಮಗೆ ತಾವೇ ನಿಯಮ ಹಾಕಿಕೊಂಡರು. ಬಳಸುತ್ತಲೇ ಉಳಿಸುವುದನ್ನು ಕಾವಲುಗಾರರಿಗಿಂತ ಚೆನ್ನಾಗಿ ಅವರು ತೋರಿಸಿದರು.

ಇಲ್ಲಿಗೆ ನಮ್ಮ ಕರಾವಳಿಯ ಎರಡನೆಯ ನಂಬಿಕೆಯ ಬೇರು ಕಾಣುತ್ತದೆ. ಮೀಸಲು ಎಂದ ಕೂಡಲೇ ಮೀನುಗಾರ ಬೆಚ್ಚುವುದು ಅಜ್ಞಾನದಿಂದಲ್ಲ, ಅನುಭವದಿಂದ. ಕಾರವಾರ, ಅಂಕೋಲಾದ ಸೀಬರ್ಡ್ ನಿರಾಶ್ರಿತರು ನೌಕಾನೆಲೆಗಾಗಿ ಕಡಲ ದಂಡೆಯನ್ನೇ ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದವರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಮರಳದಂಡೆಯ ಮೇಲೆ ವಾಣಿಜ್ಯ ಬಂದರಿನ ಯೋಜನೆ ಬಂದಿದೆ, ಅಲ್ಲಿನ ಮೀನುಗಾರ ಕುಟುಂಬಗಳು ವರ್ಷಗಳಿಂದ ಪ್ರತಿಭಟಿಸುತ್ತಿವೆ. ಅಂಕೋಲಾದ ಕೇಣಿಯಲ್ಲೂ ಅದೇ ಕತೆ. ಈಗ ಅದೇ ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ-ಮುಗಳಿಯಲ್ಲಿ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ರೂಪುಗೊಂಡಿದೆ, ಸುಮಾರು ಆರು ಸಾವಿರ ಹೆಕ್ಟೇರ್. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಂದು ಕೈಯಲ್ಲಿ ಬಂದರಿಗೆ ಅಳಿವೆಯನ್ನು ಕೊಡುವ ಸರಕಾರ ಇನ್ನೊಂದು ಕೈಯಲ್ಲಿ ನಾಡದೋಣಿಗೆ ಗೆರೆ ತೋರಿಸಿದರೆ, ಮೀನುಗಾರ ಅದನ್ನು ಸಂರಕ್ಷಣೆ ಎಂದು ಹೇಗೆ ನಂಬಿಯಾನು?

ಕಾನೂನಿನಲ್ಲೇ ಇದಕ್ಕೆ ದಾರಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 26ಎ ಪ್ರಕಾರ, ಕಡಲ ಪ್ರದೇಶವನ್ನು ಧಾಮವೆಂದು ಘೋಷಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತವನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳಲೇಬೇಕು. ಈ ಮಾತನ್ನು ಅಧಿಸೂಚನೆಯ ಒಂದು ಸಾಲಾಗಿ ಮುಗಿಸದೆ, ಊರೂರಿನ ಮೀನುಗಾರರೊಡನೆ ಕೂತು ಕಾರ್ಯರೂಪಕ್ಕೆ ತಂದರೆ ಅರ್ಧ ಭಯ ಕರಗುತ್ತದೆ.

ಜಾಗವನ್ನು ಮುಚ್ಚುವುದು ನಮ್ಮ ನಾಡಿಗೆ ಹೊರಗಿನಿಂದ ಬಂದ ಕಲ್ಪನೆಯೂ ಅಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಅದೇ ಹೊಳೆಯಲ್ಲಿ ಸ್ವಲ್ಪ ದೂರ ಹೋದರೆ ಮೀನು ಹಿಡಿಯುವವರು ಸಿಗುತ್ತಾರೆ, ದೇವಸ್ಥಾನದ ಮಡುವಿನಲ್ಲಿ ಮಾತ್ರ ಮೀನು ಮೊಳದುದ್ದ ಬೆಳೆದು ನಿರ್ಭಯವಾಗಿ ತಿರುಗುತ್ತದೆ. ಇಷ್ಟು ಜಾಗ ಮೀನಿನದು ಎಂದು ಒಪ್ಪಿಕೊಳ್ಳುವುದು ಈ ನೆಲದ ಜನಕ್ಕೆ ಗೊತ್ತಿದೆ. ಹೊಳೆಯಲ್ಲಿ ಒಪ್ಪಿದ್ದನ್ನು ಕಡಲಿನಲ್ಲಿ ಒಪ್ಪಲು ಏನು ಅಡ್ಡಿ?

ಕಡಲಿನಲ್ಲಿ ಅಂಥ ಮೊದಲ ಜಾಗ ನೇತ್ರಾಣಿ ನಡುಗಡ್ಡೆ ಆಗಬೇಕು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ಗುಡ್ಡದ ಸುತ್ತ ಹವಳವಿದೆ, ಕಲ್ಲುಪಾರೆಯ ಮೀನಿದೆ, ಮೇಲೆ ಬಿಳಿಹೊಟ್ಟೆಯ ಕಡಲಹದ್ದಿನ ಗೂಡಿದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನಾಡಿನ ಜನ ಅದರ ನೀರಿನಡಿಯ ಲೋಕವನ್ನು ಕಂಡು ಬೆರಗಾದರು. ಆ ಗುಡ್ಡವನ್ನೇ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ಸ್ಕೂಬಾ ಡೈವಿಂಗ್ ಹೆಸರಿನಲ್ಲಿ ಋತುವಿನುದ್ದಕ್ಕೂ ಅಲ್ಲಿಗೆ ದೋಣಿಗಳು ಹೋಗುತ್ತವೆ. ಗುಡ್ಡದ ಸುತ್ತ ಒಂದು ವಲಯವನ್ನು ಭಟ್ಕಳ, ಮುರ್ಡೇಶ್ವರದ ಮೀನುಗಾರರೇ ಗುರುತಿಸಲಿ. ಅದರೊಳಗೆ ಬಲೆಯಾಗಲಿ ಲಂಗರಾಗಲಿ ಗುರಿ ಅಭ್ಯಾಸವಾಗಲಿ ಬೇಡ. ಡೈವಿಂಗ್ ದೋಣಿಗಳಿಂದ ವಸೂಲಾಗುವ ಶುಲ್ಕದ ಗಣನೀಯ ಪಾಲು ಆ ಊರುಗಳ ಮೀನುಗಾರರ ಸಹಕಾರ ಸಂಘಗಳಿಗೆ ನೇರ ಹೋಗಲಿ, ಕಾವಲಿನ ಸಂಬಳವೂ ಅವರ ಮಕ್ಕಳಿಗೇ ಸಿಗಲಿ.

ಮೀಸಲಿನ ಮಿತಿಯನ್ನೂ ಮುಚ್ಚಿಡಬಾರದು. ಹಿಂಡುಹಿಂಡಾಗಿ ನೂರಾರು ಮೈಲಿ ತಿರುಗುವ ಬೂತಾಯಿ, ಬಂಗುಡೆಯನ್ನು ಯಾವ ಗೆರೆಯೂ ಹಿಡಿದಿಡಲಾರದು. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಇದು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ. ಅಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 1988ರಿಂದಲೂ ಇದೆ. ಎಲ್ ನಿನೊ, ಬಿಸಿಯಾಗುತ್ತಿರುವ ನೀರು, ಅದರ ಮೇಲೆ ಮರಿ ಮೀನಿನ ಬೇಟೆ ಎಲ್ಲ ಸೇರಿ ಬೂತಾಯಿಯನ್ನು ಆ ಸ್ಥಿತಿಗೆ ತಂದವು. ಆಮೇಲೆ ಅದು ಮತ್ತೆ ಕಾಣಿಸಿಕೊಂಡಿತೆಂಬುದು ಸಮಾಧಾನದ ಮಾತಾದರೂ, ಕ್ಯಾಲೆಂಡರಿನ ನಿಷೇಧ ಒಂದರಿಂದಲೇ ಮೀನು ಉಳಿಯುವುದಿಲ್ಲ ಎಂಬುದನ್ನು ಆ ಕುಸಿತ ಸಾಬೀತುಪಡಿಸಿದೆ. ಅಲೆಮಾರಿ ಮೀನಿಗೆ ಬೇರೆ ರಕ್ಷೆ ಬೇಕು: ಬಲೆಯ ಕಣ್ಣಿನ ಅಳತೆ, ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದ, ಬೋಟುಗಳ ಸಂಖ್ಯೆ ಮತ್ತು ಎಂಜಿನ್ ಬಲಕ್ಕೆ ಕಡಿವಾಣ. ಲೀ ಮೀಸಲಿನ ನಂತರದ ಅನುಭವವೂ ಎಚ್ಚರ ಹೇಳುತ್ತದೆ. ಮೀಸಲು ಚಿಕ್ಕದಾದ್ದರಿಂದ, ಅದರ ಅಂಚಿನಲ್ಲೇ ಬಲೆ-ಬೋನುಗಳು ಕಾದು ಕೂತು, ಒಳಗಿನ ಕಡಲಸಿಗಡಿಗಳೂ ಮತ್ತೆ ಕಡಿಮೆಯಾದವು. ಮೀಸಲಿನ ಹೊರಗೂ ನಿಯಮವಿದ್ದರಷ್ಟೇ ಒಳಗಿನ ಜೀವ ನಿಲ್ಲುತ್ತದೆ. ನಮ್ಮ ಕಡಲಿಗೆ ಇಳಿಸಲಾಗುತ್ತಿರುವ ಕೃತಕ ದಿಬ್ಬಗಳ ವಿಷಯದಲ್ಲೂ ಇದೇ ಮಾತು. ಸಿಮೆಂಟಿನ ದಿಬ್ಬ ಮೀನನ್ನು ಒಂದೆಡೆ ಸೇರಿಸುತ್ತದೆ, ಅಲ್ಲಿ ಬಲೆಗೆ ತಡೆಯಿಲ್ಲದಿದ್ದರೆ ಅದು ಮೀನನ್ನು ಸುಲಭವಾಗಿ ಹಿಡಿಯುವ ಜಾಗವಾಗುತ್ತದೆ ಅಷ್ಟೆ.

ಜಗತ್ತಿನ ಮಟ್ಟದಲ್ಲಿ ಈಗ ಇನ್ನೊಂದು ಜನಪ್ರಿಯ ಲೆಕ್ಕ ನಡೆದಿದೆ. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಭಾರತವೂ ಸೇರಿ ದೇಶಗಳು 2030ರೊಳಗೆ ಭೂಮಿ ಮತ್ತು ಕಡಲಿನ ಶೇ 30ರಷ್ಟನ್ನು ಸಂರಕ್ಷಿಸುವ ಗುರಿಗೆ ಒಪ್ಪಿದವು. ಗುರಿ ದೊಡ್ಡದು, ಒಳ್ಳೆಯದು. ಆದರೆ ನಕ್ಷೆಯ ಮೇಲಿನ ಶೇಕಡಾವಾರು ಮೀನನ್ನು ಉಳಿಸುವುದಿಲ್ಲ. ಯುರೋಪಿನ ಅನೇಕ ‘ಸಂರಕ್ಷಿತ’ ಕಡಲುಗಳಲ್ಲಿ ಇಂದಿಗೂ ತಳ ಉಜ್ಜುವ ಟ್ರಾಲಿಂಗ್ ನಡೆಯುತ್ತಿದೆ. ಲೆಕ್ಕ ತುಂಬಿಸಲು ಎಳೆದ ವಿಶಾಲ ಗೆರೆಗಿಂತ, ಊರಿನವರು ಕಣ್ಣಿಟ್ಟು ಕಾಯುವ ಹತ್ತು ಚದರ ಕಿಲೋಮೀಟರ್ ಹೆಚ್ಚು ಮೀನು ಕೊಡುತ್ತದೆ.

ಹಾಗಾದರೆ ಯಾರು ಮೊದಲು ಬಿಟ್ಟುಕೊಡಬೇಕು? ಇಷ್ಟು ಕಾಲ ಈ ಪ್ರಶ್ನೆಗೆ ಸಿಕ್ಕ ಉತ್ತರ ತಲೆಕೆಳಗಾಗಿತ್ತು, ಅತಿ ಕಡಿಮೆ ಹಿಡಿಯುವವನೇ ಅತಿ ಮೊದಲು ಬಿಡಬೇಕಾಗಿತ್ತು. ಸರದಿ ಬದಲಾಗಬೇಕು. ಮೊದಲು ಬಿಟ್ಟುಕೊಡಬೇಕಾದ್ದು ಸರಕಾರ: ಆಮೆಯ ದಂಡೆ, ನದಿಯ ಅಳಿವೆಗಳ ಮೇಲೆ ಹೊಸ ಬಂದರು ಕಟ್ಟುವ ಹಟವನ್ನು ಅದು ಬಿಡಲಿ. ಎರಡನೆಯದು ದೊಡ್ಡ ಬೋಟು ಮತ್ತು ಫಿಶ್‌ಮೀಲ್ ಉದ್ಯಮ. ಯಾಂತ್ರೀಕೃತ ಬೋಟುಗಳಿಗೆ ಕೊಡುವ ಕರರಹಿತ ಡೀಸೆಲ್ ಪ್ರಮಾಣವನ್ನು ರಾಜ್ಯ ಸರಕಾರ 2023ರ ಬಜೆಟ್‌ನಲ್ಲಿ ಒಂದೂವರೆ ಲಕ್ಷ ಕಿಲೋಲೀಟರ್‌ನಿಂದ ಎರಡು ಲಕ್ಷ ಕಿಲೋಲೀಟರ್‌ಗೆ ಏರಿಸಿತು. ಅದು ಜನರ ದುಡ್ಡು. ಮರಿ ಮೀನು ತರದ, ಎಲ್‌ಇಡಿ ಬಳಸದ, ಮೀಸಲಿನ ಗೆರೆ ದಾಟದ ಬೋಟಿಗೆ ಮಾತ್ರ ಆ ಡೀಸೆಲ್ ಸಿಗುವಂತಾಗಲಿ, ತಪ್ಪಿದ ಬೋಟಿಗೆ ಆ ವರ್ಷ ನಿಲ್ಲಲಿ. ಇಷ್ಟಾದ ಮೇಲೆ ನಾಡದೋಣಿಯವರ ಬಳಿ ಹೋಗಿ, ನಿಮ್ಮ ಕಡಲಿನಲ್ಲಿ ಯಾವ ಪಾರೆಯನ್ನು, ಯಾವ ಕೊಲ್ಲಿಯನ್ನು ಮೀನಿಗೆ ಬಿಡೋಣ ಎಂದು ಕೇಳಬೇಕು. ಮಳೆಗಾಲದಲ್ಲಿ ಕೊಡುವ ಉಳಿತಾಯ-ಪರಿಹಾರದ ಹಾಗೆ, ಮೀಸಲು ಫಲ ಕೊಡುವವರೆಗಿನ ವರ್ಷಗಳಿಗೂ ಅವರಿಗೆ ಪರಿಹಾರ ಸಿಗಬೇಕು.

ಹಾಗೆ ಕೇಳಿದರೆ ಅವರು ಇಲ್ಲವೆನ್ನಲಾರರು ಎಂದು ನಾನು ನಂಬುತ್ತೇನೆ. ಎಲ್ಲಿ ಮೀನು ಮೊಟ್ಟೆಯಿಡುತ್ತದೆ, ಎಲ್ಲಿ ಮರಿ ಬೆಳೆಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ, ಮತ್ಸ್ಯಕ್ಷಾಮದ ವರ್ಷದಲ್ಲಿ ಖಾಲಿ ಬಲೆಯೊಂದಿಗೆ ಮೊದಲು ದಡಕ್ಕೆ ಮರಳುವವರೂ ಅವರೇ. ನಿಷೇಧದ 61 ದಿನ ಇರಲಿ. ಅದರ ಜೊತೆಗೆ ವರ್ಷದ ಎಲ್ಲ ದಿನವೂ ಮೀನಿನದೇ ಆಗಿರುವ ಕೆಲವು ಜಾಗಗಳನ್ನು, ಮೀನುಗಾರರ ಮಾತಿನ ಮೇಲೆಯೇ, ಈ ಕರಾವಳಿ ಪಡೆಯಬೇಕು. ಅದನ್ನು ಮಾಡಿಸುವ ಹೊಣೆ ಮೀನು ಹಿಡಿಯುವವರ ಮೇಲೆ ಎಷ್ಟಿದೆಯೋ, ಮೀನು ತಿನ್ನುವ ನಮ್ಮೆಲ್ಲರ ಮೇಲೂ ಅಷ್ಟೇ ಇದೆ.